ಶನಿವಾರ ಬಯೊನೆಟ್ ಕೊಳ್ಳದವರು

ಅವರ ವೈಕುಂಠ ಸಮಾರಾಧನೆಯ ದಿನ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನ ದೇವಸ್ಥಾನದ ಹಾಲ್‌ನಲ್ಲಿ ನಾನು ಎರಡು ಮಾತಾಡಬೇಕೆಂದು ನಿಶ್ಚಯವಾಗಿತ್ತು. ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಅವರ ಮಗ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ, "ಅಂಕಲ್, ತ್ರೀ ಮಿನಿಟ್ಸ್, ಓಕೆ? ಆಂಡ್ ಪ್ಲೀಸ್, ನೋ ಬಯೊನೆಟ್ಸ್" ಎಂದ. ಇಲ್ಲೇ ಹುಟ್ಟಿದವನು, ಈಗ ಅವನಿಗೇ ಎರಡು ಮಕ್ಕಳು. ಅವನ ಸಂಕಟ ನನಗೆ ಅರ್ಥವಾಯಿತು. ಅವನ ಮಾವನ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆದರೆ ಬಯೊನೆಟ್ ಬಿಟ್ಟು ಆ ಮನುಷ್ಯನ ಬಗ್ಗೆ ಮೂರು ನಿಮಿಷ ಮಾತಾಡುವುದೆಂದರೆ ಸೊಂಡಿಲು ಬಿಟ್ಟು ಗಣಪತಿಯನ್ನು ವರ್ಣಿಸಿದ ಹಾಗೆ. ಸಜ್ಜನರು, ಸ್ನೇಹಜೀವಿ, ಔಷಧ ಕಂಪನಿಯಲ್ಲಿ ಮೂವತ್ತು ವರ್ಷ ಸೇವೆ ಎಂದು ಯಾರಿಗಾದರೂ ಹೊಂದುವ ನಾಲ್ಕು ಮಾತು ಹೇಳಿ ಒಂದೂವರೆ ನಿಮಿಷಕ್ಕೇ ಇಳಿದುಬಿಟ್ಟೆ. ಉಳಿದ ಒಂದೂವರೆ ನಿಮಿಷವನ್ನು ಇಲ್ಲಿ ಬಳಸಿಕೊಳ್ಳುತ್ತಿದ್ದೇನೆ. ಮಗನ ಮುಖ ನೋಡಿ ಹೆಸರು ಮಾತ್ರ ಹಾಕುವುದಿಲ್ಲ.

ಬಯೊನೆಟ್ ಎಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಬಾಕು ಎಂದು ಎಲ್ಲರಿಗೂ ಗೊತ್ತು. ಅವರು ಕೂಡಿಸುತ್ತಿದ್ದದ್ದು ಅದಲ್ಲ, ಅದರ ಷೋಕಿ ತಮ್ಮ: ಜರ್ಮನ್ ಸೈನಿಕರ ಡ್ರೆಸ್ ಬಯೊನೆಟ್. ಕೈಸರನ ಕಾಲದಲ್ಲಿ ಸರ್ಕಾರ ಕೊಡುತ್ತಿದ್ದ ಬಯೊನೆಟ್ ಯುದ್ಧಕ್ಕೆ. ರಜೆ ಸಿಕ್ಕಿದ ದಿನ ಪೇಟೆಯಲ್ಲಿ ಓಡಾಡುವಾಗ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವಾಗ, ಹುಡುಗಿಯ ಅಪ್ಪನ ಮುಂದೆ ನಿಲ್ಲುವಾಗ ಸೊಂಟಕ್ಕೆ ತೂಗುಹಾಕಿಕೊಳ್ಳಲು ಸೈನಿಕ ಸ್ವಂತ ದುಡ್ಡಿನಿಂದ ಕೊಳ್ಳುತ್ತಿದ್ದದ್ದು ಇದು. ಅಲಗಿಗೆ ನಿಕ್ಕಲ್ ಹೊಳಪು, ಹಿಡಿಗೆ ಜಿಂಕೆಯ ಕೊಂಬು, ಅಲಗಿನ ಮೇಲೆ ಬಳ್ಳಿ, ಎಲೆ, ಕುದುರೆ, ಜೊತೆಗೆ 'ನನ್ನ ಸೇವಾಕಾಲದ ನೆನಪಿಗೆ' ಎಂದು ಜರ್ಮನ್ ಭಾಷೆಯಲ್ಲಿ ಒಂದು ಸಾಲು. ಎಲ್ಲ ಉಂಟು, ಹರಿತವೊಂದಿಲ್ಲ.

"ಇದು ಆಯುಧ ಅಲ್ಲ ಕಣಯ್ಯಾ, ಒಡವೆ" ಎನ್ನುತ್ತಿದ್ದರು. "ನಮ್ಮ ಕೊಡಗಿನವರು ಮದುವೇಲಿ ಪೀಚೆಕತ್ತಿ ಸಿಕ್ಕಿಸ್ಕೊಳ್ಳಲ್ವಾ, ಹಾಗೆ. ಇದರಿಂದ ಸತ್ತವರು ಯಾರೂ ಇಲ್ಲ. ಮದುವೆ ಆದವರು ಇರಬಹುದು."

ಕೈಸರನ ನಂತರ ಬಂದ ತುಂಡು ಮೀಸೆಯವನ ಕಾಲದ್ದು ಯಾವುದನ್ನೂ ಅವರು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಒಬ್ಬ ವ್ಯಾಪಾರಿ ಅಂಥದೊಂದನ್ನು ಮುಂದಕ್ಕೆ ತಳ್ಳಿದಾಗ, "ಆ ಕಾಲವನ್ನ ನೆನಪಿಡೋಕೆ ಯಾರೂ ಏನೂ ಕೊಂಡುಕೊಳ್ಳಬೇಕಾಗಿಲ್ಲ" ಎಂದು ಹೇಳಿ ಮುಂದಿನ ಟೇಬಲ್ಲಿಗೆ ನಡೆದರು.

ಮಗನಿಗೆ ಹೆಣ್ಣು ನಿಶ್ಚಯವಾಗುವ ಹೊತ್ತಿನಲ್ಲಿ ಹೆಣ್ಣಿನ ತಂದೆತಾಯಿ ಮನೆಗೆ ಬಂದಿದ್ದರು. ನಾನೂ ಇದ್ದೆ, ಮಾತು ಕಡಿಮೆಯಾದರೆ ತುಂಬಲು. ಲಿವಿಂಗ್ ರೂಮಿನ ಗೋಡೆಯ ತುಂಬ ಸಾಲಾಗಿ ಅಲಗುಗಳನ್ನು ನೋಡಿ ಹೆಣ್ಣಿನ ತಂದೆ ಸೋಫಾದ ಅಂಚಿನಲ್ಲೇ ಕೂತರು, ಎದ್ದು ಓಡಲು ಅನುಕೂಲವಾಗುವಂತೆ. ಅದನ್ನು ಗಮನಿಸಿದ ನಮ್ಮವರು ಇವು ನಿರುಪದ್ರವಿ ಎಂದು ಪ್ರಯೋಗದಿಂದಲೇ ಸಾಬೀತುಪಡಿಸಲು ನಿರ್ಧರಿಸಿ ಒಳಗೆ ಹೋದರು. ಒಂದು ಕೈಯಲ್ಲಿ ಬಯೊನೆಟ್, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿದು ಹೊರಬಂದರು. ಮನೆಯ ಯಜಮಾನ ಹಾಗೆ ಹೊರಬಂದರೆ ನಮ್ಮ ಜನಕ್ಕೆ ಏನನ್ನಿಸುತ್ತದೆ ಎಂಬುದು ಆ ವಿಜ್ಞಾನಿಗೆ ಹೊಳೆಯಲೇ ಇಲ್ಲ. ಹೆಣ್ಣಿನ ತಾಯಿ ಕಣ್ಣುಮುಚ್ಚಿ ಏನೋ ಹೇಳಿಕೊಳ್ಳತೊಡಗಿದರು. ಇವರು ಟೀಪಾಯಿಯ ಮೇಲೆ ಹಣ್ಣಿಟ್ಟು ಅಲಗನ್ನು ಬಲವಾಗಿ ಒತ್ತಿದರು. ಹಣ್ಣು ಜಾರಿ ಸೋಫಾದ ಕೆಳಗೆ ಹೋಯಿತು.

"ನೋಡಿದ್ರಾ" ಎಂದರು ಹೆಮ್ಮೆಯಿಂದ. "ಒಂದು ನಿಂಬೆಹಣ್ಣಿಗೂ ಇದರಿಂದ ಭಯ ಇಲ್ಲ."

ಮದುವೆ ಸುಸೂತ್ರವಾಗಿ ನಡೆಯಿತು. ನಿಂಬೆಹಣ್ಣು ದೀಪಾವಳಿಯ ಹೊತ್ತಿಗೆ ಸಿಕ್ಕಿತು.

ಅವರು ಔಷಧ ಕಂಪನಿಯಲ್ಲಿ ಇದ್ದದ್ದು ಕ್ವಾಲಿಟಿ ವಿಭಾಗದಲ್ಲಿ. ಅಂದರೆ ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕಿ ಬರೆದಿಡುವುದಕ್ಕೆ ಸಂಬಳ. ರಿಟೈರ್ ಆದಮೇಲೂ ಆ ಕೈ ಸುಮ್ಮನಿರಲಿಲ್ಲ. ಪ್ರತಿ ಬಯೊನೆಟ್ಟಿನ ಕೆಳಗೆ ಒಂದು ಬಿಳಿ ಚೀಟಿ. ಮ್ಯೂಸಿಯಮ್ಮಿನಲ್ಲಾದರೆ ಅದರಲ್ಲಿ ವಸ್ತುವಿನ ಹೆಗ್ಗಳಿಕೆ ಇರುತ್ತದೆ. ಇವರ ಚೀಟಿಯಲ್ಲಿ ಇರುತ್ತಿದ್ದದ್ದು ಅದರ ಊನ ಮಾತ್ರ. 'ಹಿಡಿ ಬಿರುಕು.' 'ನಿಕ್ಕಲ್ ಎದ್ದಿದೆ, ಎಡಭಾಗ.' 'ಒರೆ ಬೇರೆ ಯಾರದೋ.' ಒಂದರ ಕೆಳಗೆ 'ಯಾರೋ ಇದರಿಂದ ಪೇಂಟ್ ಡಬ್ಬಿ ತೆಗೆದಿದ್ದಾರೆ' ಎಂದಿತ್ತು. ಗೋಡೆಯ ಉದ್ದಕ್ಕೂ ನಡೆದರೆ ಆಸ್ಪತ್ರೆಯ ವಾರ್ಡಿನಲ್ಲಿ ರೌಂಡ್ಸ್ ಹೋದಂತಾಗುತ್ತಿತ್ತು. ನಲವತ್ತು ಬಯೊನೆಟ್ಟಿಗೆ ನಲವತ್ತು ಕಾಯಿಲೆ. ಊನವಿಲ್ಲದ್ದು ಒಂದೂ ಇರಲಿಲ್ಲ. ಅದಕ್ಕೆ ಕಾರಣ ಬಡತನವಲ್ಲ, ಅಜ್ಞಾನವೂ ಅಲ್ಲ. ಶನೇಶ್ವರ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಟೌನ್‌ಷಿಪ್ ಲೈಬ್ರರಿಯಲ್ಲಿ ಕೆಲಸಕ್ಕಿದ್ದವರು. ದನಿ ಎತ್ತದೆ ಕೆಲಸ ಮಾಡಿಸುವುದನ್ನು ಅಲ್ಲಿ ಕಲಿತರೋ, ಮೊದಲೇ ಬರುತ್ತಿತ್ತೋ ಹೇಳಲಾರೆ. ಈ ಹವ್ಯಾಸ ಶುರುವಾದ ಹೊಸದರಲ್ಲಿ ಅವರು ಗಂಡನಿಗೆ ಒಂದೇ ಒಂದು ಷರತ್ತು ಹಾಕಿದರು: ಶನಿವಾರ ಕಬ್ಬಿಣ ಕೊಳ್ಳಬಾರದು, ಶನಿವಾರ ಕಬ್ಬಿಣ ಮನೆಗೆ ತರಬಾರದು. ನಮ್ಮ ಕಡೆ ಹಿರಿಯರು ಹೇಳುತ್ತಿದ್ದದ್ದೇ, ಹೊಸದೇನಲ್ಲ. ಇವರು ದೇವರ ಮನೆಗೆ ಬಲ್ಬ್ ಬದಲಾಯಿಸಲು ಮಾತ್ರ ಹೋಗುವವರು. ಆದ್ದರಿಂದ ಮೊದಲು ರಸಾಯನಶಾಸ್ತ್ರದ ಕಡೆಯಿಂದ ಪ್ರಯತ್ನಪಟ್ಟರಂತೆ.

"ಇದರ ಮೇಲಿರೋದು ನಿಕ್ಕಲ್."

"ಒಳಗಿರೋದು?"

"ಉಕ್ಕು."

"ಉಕ್ಕನ್ನ ಯಾವುದರಿಂದ ಮಾಡ್ತಾರೆ?"

ಅಲ್ಲಿಗೆ ರಸಾಯನಶಾಸ್ತ್ರ ಮುಗಿಯಿತು. ಇವರು ಮಾತು ಕೊಟ್ಟರು.

ಆ ಮಾತಿನ ಬೆಲೆ ಹೊರಗಿನವರಿಗೆ ತಿಳಿಯುವುದಿಲ್ಲ. ನ್ಯೂಜೆರ್ಸಿಯಲ್ಲಿ ಹಳೆಯ ಸೈನಿಕ ಸಾಮಾನಿನ ಸಂತೆ ನಡೆಯುವುದು ವಾರಾಂತ್ಯದಲ್ಲಿ, ಯಾವುದಾದರೂ ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ. ಶನಿವಾರ ಬೆಳಿಗ್ಗೆ ಬಾಗಿಲು ತೆರೆಯುತ್ತದೆ. ಒಳ್ಳೆಯದೆಲ್ಲ ಮಧ್ಯಾಹ್ನದೊಳಗೆ ಮಾರಿಹೋಗುತ್ತದೆ. ಭಾನುವಾರಕ್ಕೆ ಉಳಿಯುವುದು ಮುರಿದದ್ದು, ತುಕ್ಕು ಹಿಡಿದದ್ದು ಮತ್ತು ವ್ಯಾಪಾರಿಗಳ ಬೇಸರ. ಇವರು ಎರಡು ದಿನವೂ ಹೋಗುತ್ತಿದ್ದರು. ಶನಿವಾರ ದರ್ಶನಕ್ಕೆ, ಭಾನುವಾರ ಪ್ರಸಾದಕ್ಕೆ. ಶನಿವಾರ ಒಂದೊಂದು ಟೇಬಲ್ಲಿನ ಮುಂದೆಯೂ ನಿಂತು, ಒಳ್ಳೊಳ್ಳೆಯ ಅಲಗುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಅಕ್ಕಪಕ್ಕದವರಿಗೆ ಅವುಗಳ ಗುಣ ವಿವರಿಸಿ, ಬರಿಗೈಯಲ್ಲಿ ವಾಪಸ್. ಇವರ ವಿವರಣೆ ಕೇಳಿದವನು ಅದನ್ನು ಕೊಂಡು ಹೋಗುತ್ತಿದ್ದ. ವ್ಯಾಪಾರಿಗಳು ಇವರಿಗೆ ಮಿಸ್ಟರ್ ಸಂಡೇ ಎಂದು ಹೆಸರಿಟ್ಟಿದ್ದರು. ಇಂಥ ಸೇಲ್ಸ್‌ಮನ್ ಸಂಬಳವಿಲ್ಲದೆ ಸಿಗುವುದು ಅಪರೂಪವಾದ್ದರಿಂದ ಅವರಿಗೆಲ್ಲ ಇವರ ಮೇಲೆ ಬಹಳ ಪ್ರೀತಿ.

ನನ್ನ ಪಾತ್ರ ಇದರಲ್ಲಿ ಜೊತೆಗಾರನದು. ನಾನು ನನ್ನೂರು ಮೆಟುಚೆನ್ನಿನಿಂದ ಅವರ ಮನೆಗೆ ಡ್ರೈವ್ ಮಾಡಿಕೊಂಡು ಹೋಗಿ, ನನ್ನ ಕಾರು ಅಲ್ಲಿ ಬಿಟ್ಟು, ಅವರ ಕಾರಿನಲ್ಲಿ ಹೋಗುತ್ತಿದ್ದೆ. ದಾರಿಯಲ್ಲಿ ಒಮ್ಮೆ ಕೇಳಿದ್ದೆ: "ಸಾರ್, ಶನಿವಾರ ನಾನು ತಗೋತೀನಿ. ಭಾನುವಾರ ನನ್ನಿಂದ ನೀವು ತಗೊಳ್ಳಿ. ಶನಿ ನನಗೆ ಹಿಡೀಲಿ, ಈಗಾಗಲೇ ಹಿಡಿದಿದ್ದಾನೆ, ಹೊಸ ತೊಂದರೆ ಏನಿಲ್ಲ."

"ಕ್ವಾಲಿಟೀಲಿ ನಾನು ಮೂವತ್ತು ವರ್ಷ ಹಿಡಿದಿದ್ದು ನಿನ್ನಂಥವರನ್ನೇ" ಎಂದರು.

ಹಾಗೆಂದು ಆಸೆ ಇರಲಿಲ್ಲವೆಂದಲ್ಲ. ಒಂದೇ ಒಂದು ಊನವಿಲ್ಲದ ಬಯೊನೆಟ್ ಮನೆಗೆ ಬರಬೇಕು ಎಂಬುದು ಅವರ ಬಾಳಿನ ಉಳಿದ ಆಸೆಯಾಗಿತ್ತು. ಗೋಡೆಯ ನಡುಮಧ್ಯದಲ್ಲಿ ಅದಕ್ಕೆಂದು ಒಂದು ಮೊಳ ಜಾಗ ಖಾಲಿ ಬಿಟ್ಟಿದ್ದರು. ಬಂದವರು ಇಲ್ಲೇಕೆ ಏನಿಲ್ಲ ಎಂದರೆ, "ಸೀಟ್ ರಿಸರ್ವ್ ಆಗಿದೆ" ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಒಂದು ಶನಿವಾರ ಆ ಸೀಟಿನವನು ಬಂದ.

ಹಾಲ್‌ನ ಮೂಲೆಯ ಟೇಬಲ್ಲಿನಲ್ಲಿ, ಸಸ್ಪೆಂಡರ್ ಹಾಕಿಕೊಂಡ ಒಬ್ಬ ಮುದಿ ವ್ಯಾಪಾರಿಯ ಮುಂದೆ ಅದು ಮಲಗಿತ್ತು. ಬವೇರಿಯದ ಯಾವುದೋ ಪದಾತಿ ದಳದ್ದು. ಇವರು ಎತ್ತಿಕೊಂಡರು. ಭೂತಗನ್ನಡಿಯನ್ನು ಹಿಡಿಯಿಂದ ತುದಿಗೆ, ತುದಿಯಿಂದ ಹಿಡಿಗೆ ಓಡಿಸಿದರು. ಮಗುಚಿ ಇನ್ನೊಂದು ಮಗ್ಗುಲು ನೋಡಿದರು. ಒರೆಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದರು. ನಾನು ಒಂದು ಕಾಫಿ ಕುಡಿದು ಮುಗಿಸುವವರೆಗೂ ಇದೇ ನಡೆಯಿತು. ಕೊನೆಗೆ ಡಾಕ್ಟರು ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು:

"ಏನೂ ಊನ ಇಲ್ಲ ಕಣಯ್ಯಾ."

ಪಕ್ಕದಲ್ಲಿ ಒಬ್ಬ ಡೆಂಟಿಸ್ಟ್ ಬಂದು ನಿಂತಿದ್ದ. ಸಂತೆಗೆ ತಪ್ಪದೆ ಬರುವವನು, ಇವರ ವಿವರಣೆ ಕೇಳಿಯೇ ಒಂದು ಒಳ್ಳೆಯ ಸಂಗ್ರಹ ಕಟ್ಟಿದವನು. ಇವರು ಅದನ್ನು ಕೆಳಗಿಟ್ಟರೆ ಎತ್ತಿಕೊಳ್ಳಲು ಕಾದಿದ್ದಾನೆಂದು ಅವನ ಕೈಯೇ ಹೇಳುತ್ತಿತ್ತು. ನಾಳೆಯವರೆಗೆ ತೆಗೆದಿಡುತ್ತೀಯಾ ಎಂದು ನಾನು ಮುದುಕನನ್ನು ಕೇಳಿದೆ.

"ಈಗ ಅಡ್ವಾನ್ಸ್ ಕೊಟ್ಟರೆ ಖಂಡಿತ" ಎಂದ ಮುದುಕ.

"ಅಡ್ವಾನ್ಸ್ ಕೊಟ್ಟರೆ ಕೊಂಡ ಹಾಗೇ" ಎಂದರು ಇವರು, ಅಲಗಿನಿಂದ ಕಣ್ಣು ತೆಗೆಯದೆ.

ಇಪ್ಪತ್ತು ವರ್ಷದ ಸ್ನೇಹದಲ್ಲಿ ನಾನು ಅವರ ಸಂಸಾರದ ವಿಷಯದಲ್ಲಿ ಕೈಹಾಕಿದ್ದು ಅದೊಂದೇ ಸಲ. ಪಾರ್ಕಿಂಗ್ ಲಾಟಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

"ಏನಾಯ್ತು? ಇವರು ಎಲ್ಲಾದರೂ ಬಿದ್ದರಾ?" ಎಂದರು ಎತ್ತಿದ ಕೂಡಲೆ.

"ಬಿದ್ದಿಲ್ಲಕ್ಕಾ, ನಿಂತುಬಿಟ್ಟಿದ್ದಾರೆ. ಅವರು ಇಷ್ಟು ವರ್ಷ ಹುಡುಕ್ತಿದ್ದದ್ದು ಇವತ್ತು ಸಿಕ್ಕಿದೆ. ಶನಿವಾರ. ಇದೊಂದು ಸಲ ನಿಯಮ ಸಡಿಲ ಮಾಡೋಕಾಗತ್ತಾ?"

"ಯಾವ ನಿಯಮ?"

"ಕಬ್ಬಿಣದ್ದು."

"ಅಯ್ಯೋ, ಅದು ಇನ್ನೂ ಇದೆಯಾ? ಹೋದ ತಿಂಗಳು ಶನಿವಾರ ನಾನೇ ಬೀಡು ಕಬ್ಬಿಣದ ದೋಸೆ ಕಾವಲಿ ತಂದ್ನಲ್ಲ. ಭಾರ ಅಂತ ಕಾರಿಂದ ಇವರೇ ಎತ್ಕೊಂಡು ಬಂದ್ರು."

"ಹಾಗಾದ್ರೆ ಶನೇಶ್ವರ?"

"ನೋಡಿ, ನಿಮ್ಮ ಹತ್ರ ಹೇಳೋಕೇನು. ಆಗ ಒಂದೊಂದು ಸಂತೆಗೂ ಎರಡೆರಡು ಬರ್ತಿತ್ತು ಮನೆಗೆ. ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಓಡಾಡ್ತಾರೆ, ಅದು ನಂಗೆ ನೋಡೋಕಾಗಲ್ಲ. ಶನೇಶ್ವರನ ಮೇಲೆ ಹಾಕಿದೆ. ಅರ್ಧಕ್ಕರ್ಧ ಕಡಿಮೆ ಆಯ್ತು. ತಗೊಳ್ಳಕ್ಕೆ ಹೇಳಿ ಇವರಿಗೆ, ಪಾಪ."

ನವಗ್ರಹಗಳಲ್ಲಿ ಒಬ್ಬನನ್ನು ಮನೆಯ ಸ್ಟಾಕ್ ಕಂಟ್ರೋಲಿಗೆ ನೇಮಿಸಿದ್ದ ಆ ಹೆಂಗಸಿಗೆ ಮನಸ್ಸಿನಲ್ಲೇ ಕೈಮುಗಿದು ಒಳಗೆ ಬಂದೆ. ಬರುವ ದಾರಿಯಲ್ಲಿ ಹೆಜ್ಜೆ ನಿಧಾನವಾಯಿತು. ಇಪ್ಪತ್ತು ವರ್ಷದ ಶನಿವಾರಗಳು ಸುಳ್ಳೆಂದು ಒಬ್ಬ ಮನುಷ್ಯನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ಆದರೂ ಹೇಳಿದೆ. ಡೆಂಟಿಸ್ಟನ ಪರ್ಸ್ ಆಗಲೇ ಅರ್ಧ ಹೊರಗೆ ಬಂದಿತ್ತು.

"ಸಾರ್, ಅಕ್ಕ ತಗೊಳ್ಳಿ ಅಂದ್ರು. ಆ ನಿಯಮ ಅವರು ಬಿಟ್ಟು ಎಷ್ಟೋ ಕಾಲ ಆಗಿದೆಯಂತೆ."

ಅವರು ಬೆರಗಾಗಲಿಲ್ಲ. "ಗೊತ್ತು" ಎಂದರು. "ಕಾವಲಿ ಒಳಗೆ ತಂದವನು ನಾನೇ ಅಲ್ವಾ."

"ಮತ್ತೆ ಇನ್ನೇನು ಸಾರ್?"

ಅವರು ಬಯೊನೆಟ್ಟನ್ನು ತಿರುಗಿಸಿ, ಹಿಡಿ ಮುಂದಾಗಿ ಡೆಂಟಿಸ್ಟನ ಕೈಗೆ ಕೊಟ್ಟರು. ಅವನಿಗೆ ಇಂಗ್ಲಿಷಿನಲ್ಲಿ ಎರಡು ಬುದ್ಧಿ ಹೇಳಿದರು: ಪಾಲಿಷ್ ಮಾಡಬೇಡ, ತೊಗಲಿನ ಒರೆಯೊಳಗೆ ಇಡಬೇಡ, ತೊಗಲು ತೇವ ಹಿಡಿಯುತ್ತದೆ.

"ನಿಮಗೆ ಬೇಡವಾ, ನಿಜವಾಗಿ?" ಎಂದ ಅವನು.

"ಇಟ್ ಈಸ್ ಸ್ಯಾಟರ್ಡೇ" ಎಂದರು.

ವಾಪಸ್ ಬರುವಾಗ ಅವರ ಕೈ ಸ್ಟಿಯರಿಂಗಿನ ಮೇಲಿತ್ತು, ಮನಸ್ಸು ಮೂಲೆಯ ಟೇಬಲ್ಲಿನ ಮೇಲೆ. ತಮ್ಮ ಎಕ್ಸಿಟ್ ಬಿಟ್ಟು ಮುಂದೆ ಹೋದರು. ಮುಂದಿನದರಲ್ಲಿ ಇಳಿದು ಸುತ್ತಿ ಬಂದೆವು. ಅವರು ಬಂದವರೇ ಮಲಗಿಬಿಟ್ಟರೆಂದು ಅಕ್ಕ ರಾತ್ರಿ ನನಗೆ ಫೋನ್ ಮಾಡಿ ನಡೆದದ್ದೆಲ್ಲ ಕೇಳಿಕೊಂಡರು.

ಭಾನುವಾರ ಮತ್ತೆ ಹೋದೆವು. ವ್ಯಾಪಾರಿಗಳು ಟೇಬಲ್ ಮಡಚುವವರೆಗೂ ಇದ್ದು, ತುದಿ ಮುರಿದ ಒಂದನ್ನು ಕೊಂಡರು. ಎರಡಂಗುಲ ತುದಿಯೇ ಇಲ್ಲ. ಬರೆದಿದ್ದ ಸಾಲೂ ಅರ್ಧವೇ ಉಳಿದಿತ್ತು. ಸೇವಾಕಾಲ ಇತ್ತು, ನೆನಪು ಹೋಗಿತ್ತು. ಇದಕ್ಕೆ ಚೀಟಿ ಬರೆಯುವುದು ಸುಲಭ ಎಂದರು. ನಗಲು ಪ್ರಯತ್ನಪಟ್ಟರು ಎಂದು ಈಗ ಅನ್ನಿಸುತ್ತದೆ.

ಮನೆ ತಲಪಿದಾಗ ಐದು ಗಂಟೆ ದಾಟಿತ್ತು. ನನ್ನ ಕಾರು ಡ್ರೈವ್‌ವೇಯಲ್ಲಿ ಗರಾಜಿನ ಬಾಗಿಲಿಗೆ ತಾಗಿದಂತಿತ್ತು. ಇವರು ತಮ್ಮದನ್ನು ಅದರ ಹಿಂದೆ ನಿಲ್ಲಿಸಿದರು. ಅಕ್ಕ ಬಾಗಿಲಲ್ಲೇ ನಿಂತಿದ್ದರು.

"ನಿನ್ನೆ ಚೆನ್ನಾಗಿರೋದು ಸಿಕ್ಕಿತ್ತಂತಲ್ಲ."

"ಹೂಂ."

"ಯಾಕೆ ತರಲಿಲ್ಲ? ನಾನು ಹೇಳಿ ಕಳಿಸಿದ್ನಲ್ಲ."

"ನಿನ್ನೆ ಶನಿವಾರ."

"ನಾನೇ ಬಿಟ್ಟಿದ್ದೀನಿ ಅಂತ ನಿಮಗೂ ಗೊತ್ತಿತ್ತಂತೆ. ಒಂದು ಮಾತು ಕೇಳೋಕೇನಾಗಿತ್ತು ನಿಮಗೆ?"

ನಾನು ನಡುವೆ ಇರಬಾರದಿತ್ತು. ಆದರೆ ಶೂ ಲೇಸು ಗಂಟುಬಿದ್ದಿತ್ತು, ಕೂತು ಬಿಡಿಸುತ್ತಿದ್ದೆ. ಇವರು ಬಾಗಿಲಾಚೆ ನಿಂತೇ ಹೇಳಿದರು.

"ಅವತ್ತು ನೀನು ಶನಿ ಅಂದಾಗಲೇ ಗೊತ್ತಾಯ್ತು ಕಣೇ, ಇದು ಶನಿ ಅಲ್ಲ ಅಂತ. ನಿನಗೆ ನನ್ನ ಮುಖ ನೋಡ್ಕೊಂಡು ಬೇಡ ಅನ್ನೋಕೆ ಬರಲಿಲ್ಲ. ನನಗೆ ಸಾಕು ಅನ್ನೋಕೆ ಬರಲ್ಲ. ಯಾರಾದ್ರೂ ಒಬ್ಬರು ಅನ್ನಬೇಕಲ್ಲ. ಆ ಶನೇಶ್ವರನೇ ಅನ್ಲಿ ಅಂತ ಇದ್ದೆ. ಒಂದು ಸಲ ಅವನನ್ನ ದಾಟಿದ್ರೆ ಆಮೇಲೆ ನನ್ನನ್ನ ಹಿಡಿಯೋರು ಯಾರು? ನಿನಗೆ ಮನೇಲಿ ಕೂರೋಕೂ ಜಾಗ ಇರ್ತಿರಲಿಲ್ಲ."

ಅಕ್ಕ ಗಂಡನ ಕೈಯಲ್ಲಿದ್ದ ಪೇಪರ್ ಬ್ಯಾಗನ್ನು ನೋಡಿದರು. ಮುರಿದ ಅಲಗು ಅದರಿಂದ ಸ್ವಲ್ಪ ಹೊರಗೆ ಇಣುಕುತ್ತಿತ್ತು. ಆಮೇಲೆ ಒಳಗೆ ತಿರುಗಿ ಗೋಡೆ ಗಡಿಯಾರ ನೋಡಿ, ಲೈಬ್ರರಿಯಲ್ಲಿ ಫೈನ್ ಎಷ್ಟೆಂದು ಹೇಳುವ ಮುಖದಲ್ಲಿ ಹೇಳಿದರು:

"ಐದೂಕಾಲು. ಭಾನುವಾರ ನಾಲ್ಕೂವರೆಯಿಂದ ರಾಹುಕಾಲ. ಆರು ಗಂಟೆ ತನಕ ಅದು ಒಳಗೆ ಬರೋ ಹಾಗಿಲ್ಲ."

ಆ ಮನೆಯಲ್ಲಿ ರಾಹುಕಾಲದ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಇವರ ಮುಖ ನೋಡಿದರೆ ಅವರೂ ಅಷ್ಟೇ. ಆದರೆ ಒಂದು ಪ್ರಶ್ನೆ ಇಲ್ಲ, ಒಂದು ರಸಾಯನಶಾಸ್ತ್ರ ಇಲ್ಲ. "ಸರಿ" ಎಂದು ತಿರುಗಿ, ಬ್ಯಾಗಿನ ಸಮೇತ ಹೋಗಿ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

ಅಕ್ಕ ಅಡಿಗೆಮನೆಗೆ ಹೋದರು. ಎರಡು ಲೋಟ ಕಾಫಿ ಮಾಡಿಕೊಂಡು ಬಂದು, ನನ್ನನ್ನು ನೋಡಿ, "ನಿಮ್ಮದು ಸ್ಟವ್ ಮೇಲಿದೆ, ಚಕ್ಕುಲಿ ಡಬ್ಬಿ ಪಕ್ಕದಲ್ಲಿದೆ, ಹಾಕ್ಕೊಳ್ಳಿ" ಎಂದರು. ಚಪ್ಪಲಿ ಮೆಟ್ಟಿ ಹೊರಗೆ ನಡೆದು, ಕಾರಿನ ಇನ್ನೊಂದು ಬಾಗಿಲು ತೆರೆದು ಒಳಗೆ ಕೂತರು.

ನಾನು ಕಿಟಕಿಯ ಹತ್ತಿರ ಕೂತು ಚಕ್ಕುಲಿ ತಿಂದೆ. ಅವರು ಬಯೊನೆಟ್ಟನ್ನು ಬ್ಯಾಗಿನಿಂದ ತೆಗೆದರು. ಅಕ್ಕ ಅದನ್ನು ತಾವೇ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಇವರು ಬೆರಳು ತೋರಿಸಿ ವಿವರಣೆ ಶುರುಮಾಡಿದ್ದು ಗಾಜಿನಾಚೆಯಿಂದಲೂ ತಿಳಿಯುತ್ತಿತ್ತು. ಅಕ್ಕ ಏನೋ ಕೇಳಿದರು. ಇವರು ನಕ್ಕರು. ಆರು ಗಂಟೆಯಾಯಿತು, ಆರೂವರೆಯೂ ಆಯಿತು. ಅವರ ಕಾರು ಕದಲದೆ ನನ್ನದು ಹೊರಬರುವ ಹಾಗಿರಲಿಲ್ಲ. ಹೋಗಿ ಕರೆಯೋಣವೆಂದು ಎರಡು ಸಲ ಎದ್ದೆ. ಎರಡು ಸಲವೂ ಮತ್ತೆ ಕೂತು, ಡಬ್ಬಿಯಿಂದ ಇನ್ನೊಂದು ಚಕ್ಕುಲಿ ತೆಗೆದುಕೊಂಡೆ.